ಬಚ್ಚಿಡೋಕೆ ಸುಲಭ ಇತ್ತು, ಹೊಡೆಯೋಕೆ ಆಗ್ಲಿಲ್ಲ: ನಾನು ಕ್ಯಾರಿ ಪಿಸ್ತೂಲು ಆರಿಸ್ಕೊಂಡ ಕಥೆ

ಕ್ಯಾರಿ ಪಿಸ್ತೂಲು ಅಂದ್ರೆ ಬಟ್ಟೆಯೊಳಗೆ ಬಚ್ಚಿಟ್ಟು ದಿನಾ ಜೊತೇಲಿ ಇಟ್ಕೊಂಡು ಓಡಾಡೋದು. ನಾನು ಮೊದಲು ತಗೊಂಡಿದ್ದು ಅಂಗೈಯಷ್ಟೇ ಇತ್ತು. ಪಾಯಿಂಟ್ 380 ಅನ್ನೋ ಅಳತೆಯ ತೋಟಾದ್ದು, ಮ್ಯಾಗಝಿನಲ್ಲಿ 6 ತೋಟಾ, ಖಾಲಿ ಇದ್ದಾಗ 300 ಗ್ರಾಂ ಕೂಡ ತೂಗ್ತಿರ್ಲಿಲ್ಲ, ಜೇಬಲ್ಲಿದ್ರೆ ಇದೆ ಅನ್ನೋದೇ ಮರ್ತು ಹೋಗೋದು. ಲೈಸೆನ್ಸ್ ಬಂದಾಗ ನನ್ನ ತಲೇಲಿ ಇದ್ದಿದ್ದು ಒಂದೇ, ಯಾರಿಗೂ ಕಾಣಬಾರ್ದು, ಅಷ್ಟೆ. ಕೈಯಲ್ಲಿ ಹಿಡಿದು ನೋಡ್ದೆ, ಚೆನ್ನಾಗಿದೆ ಅನ್ನಿಸ್ತು, ತಗೊಂಡೆ. ಒಂದು ಗುಂಡು ಕೂಡ ಹಾರಿಸಿ ನೋಡ್ಲಿಲ್ಲ. ಸಣ್ಣದು ಅಂದ್ರೆ ಒದೆತಾನೂ (ಗುಂಡು ಹಾರಿದಾಗ ಪಿಸ್ತೂಲು ಕೈಯನ್ನ ಹಿಂದಕ್ಕೆ ತಳ್ಳೋದು) ಸಣ್ಣದೇ ಇರುತ್ತೆ, ನನ್ನ ಸಣ್ಣ ಕೈಗೆ ಸಣ್ಣ ಪಿಸ್ತೂಲೇ ಸರಿ ಅಂತ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಅದು ಪೂರ್ತಿ ಉಲ್ಟಾ ಅಂತ.

ಗುಂಡು ಹೊಡೆಯೋದು ಪ್ರಾಕ್ಟೀಸ್ ಮಾಡೋ ರೇಂಜಿಗೆ ಹೋದ ಮೊದಲನೇ ದಿನ 7 ಮೀಟರಿಗೆ ಟಾರ್ಗೆಟ್ ಹಾಕ್ಕೊಂಡೆ. ಮೊದಲನೇ ಮ್ಯಾಗಝಿನ್ ಹೇಗೋ ಮುಗೀತು, ಎರಡನೇದಕ್ಕೆ ಹೆಬ್ಬೆರಳು ಮತ್ತೆ ತೋರುಬೆರಳಿನ ಮಧ್ಯದ ಚರ್ಮ ಕೆಂಪಾಯ್ತು, ಕಿರುಬೆರಳಿಗೆ ಹಿಡಿಯಲ್ಲಿ ಜಾಗಾನೇ ಇಲ್ಲ, ಕೆಳಗಡೆ ಗಾಳೀಲಿ ನೇತಾಡ್ತಿತ್ತು, ಉಂಗುರದ ಬೆರಳೂ ಅರ್ಧ ಮಾತ್ರ ಒಳಗೆ. ಪ್ರತಿ ಈಡಿಗೂ ಪಿಸ್ತೂಲು ಕೈಯೊಳಗೆ ತಿರುಗಿ ಬಿಡೋದು, ಮತ್ತೆ ಹಿಡಿತ ಸರಿ ಮಾಡ್ಕೊಂಡು ಇನ್ನೊಂದು ಹೊಡಿಬೇಕು. ಐವತ್ತು ತೋಟಾ ತಂದಿದ್ದೆ, ಮೂವತ್ತಕ್ಕೇ ನಿಲ್ಲಿಸ್ದೆ. ಹಾಳೆ ಎಳ್ಕೊಂಡು ನೋಡಿದ್ರೆ ತೂತುಗಳೆಲ್ಲ ಎಡಗಡೆ ಕೆಳಗೆ ಚೆಲ್ಲಾಡಿದ್ವು, ಮಧ್ಯದಲ್ಲಿ ಮೂರೋ ನಾಲ್ಕೋ. ಸೈಟು, ಅಂದ್ರೆ ಪಿಸ್ತೂಲಿನ ಮೇಲಿರೋ ಗುರಿ ನೋಡೋ ಗುರುತು, ಸರಿ ಇಲ್ಲ ಅಂದ್ಕೊಂಡೆ. ಬಲಗೈಯವರ ಗುಂಡು ಎಡಕ್ಕೆ ಕೆಳಕ್ಕೆ ಹೋಗ್ತಿದೆ ಅಂದ್ರೆ ತೊಂದರೆ ಬಹುಪಾಲು ಸೈಟಲ್ಲಿರಲ್ಲ, ಬೆರಳಲ್ಲಿ ಮತ್ತೆ ಮನಸ್ಸಲ್ಲಿ ಇರುತ್ತೆ ಅಂತ ಅಲ್ಲಿ ಕಲಿಸೋರು ಒಬ್ರು ಹೇಳಿದ್ರು, ನಾನು ನಂಬ್ಲಿಲ್ಲ.

ಅದಕ್ಕೆ ಅವ್ರು ಒಂದು ಪರೀಕ್ಷೆ ಮಾಡಿದ್ರು. ನನ್ನ ಮ್ಯಾಗಝಿನ್ ಇಸ್ಕೊಂಡು, ಬೆನ್ನು ತಿರುಗಿಸಿ ನಿಂತು, ಅಸಲಿ ತೋಟಾಗಳ ಮಧ್ಯೆ ಎಲ್ಲೋ ಡಮ್ಮಿ ತೋಟಾ ಸೇರಿಸಿ ಕೊಟ್ರು, ಎಷ್ಟನೇದು ಅಂತ ಹೇಳ್ಲಿಲ್ಲ. ಹೊಡೆದೆ, ಹೊಡೆದೆ, ಮೂರನೇದಕ್ಕೆ ಕ್ಲಿಕ್ ಅಂತ ಬರೀ ಸದ್ದು. ಗುಂಡು ಹಾರ್ಲಿಲ್ಲ, ಆದ್ರೆ ಪಿಸ್ತೂಲಿನ ಮೂತಿ ದಬಕ್ ಅಂತ ಕೆಳಗೆ ಕುಕ್ಕಿತು, ಒಂದು ಇಂಚಿಗೂ ಜಾಸ್ತಿ. ಒದೆತಾನೇ ಇಲ್ಲ, ಮತ್ತೆ ಯಾರು ಅದನ್ನ ಕೆಳಗೆ ತಳ್ಳಿದ್ದು? ನಾನೇ. ಸದ್ದು ಬರೋ ಮುಂಚೆನೇ ನನ್ನ ಕೈ ಒದೆತಕ್ಕೆ ಹೆದರಿ ಎದುರು ತಳ್ತಾ ಇತ್ತು, ಕಣ್ಣು ಕೂಡ ಮುಚ್ಚಿ ಹೋಗಿತ್ತು. ಇದಕ್ಕೆ ಫ್ಲಿಂಚ್ ಅಂತಾರೆ. ಅಸಲಿ ಗುಂಡು ಹಾರುವಾಗ ಒದೆತದ ಒಳಗೆ ಅದು ಮುಚ್ಚಿ ಹೋಗಿರುತ್ತೆ, ಡಮ್ಮಿ ಬಂದಾಗ ಮಾತ್ರ ಬಯಲಿಗೆ ಬರುತ್ತೆ. ಆ ಕ್ಷಣ ನಂಗೆ ನಿಜಕ್ಕೂ ಭಯ ಆಯ್ತು, ಯಾಕಂದ್ರೆ ಎರಡು ವಾರದಿಂದ ಈ ಪಿಸ್ತೂಲು ಇಟ್ಕೊಂಡು ಓಡಾಡ್ತಿದ್ದೆ, ಜನ ಇರೋ ಜಾಗದಲ್ಲಿ ಇದನ್ನ ಹೊರಗೆ ತೆಗೆಯೋ ಪರಿಸ್ಥಿತಿ ಬಂದಿದ್ರೆ ನನ್ನ ಗುಂಡು ಎಲ್ಲಿಗೆ ಹೋಗ್ತಿತ್ತು ಅನ್ನೋದು ನಂಗೇ ಗೊತ್ತಿರ್ಲಿಲ್ಲ.

ಅವತ್ತಿಂದ ಅದನ್ನ ಇಟ್ಕೊಂಡು ಓಡಾಡೋದು ನಿಲ್ಲಿಸ್ದೆ, ಸಣ್ಣದು ಯಾಕೆ ಇಷ್ಟು ಕಷ್ಟ ಅಂತ ಕೂತು ಲೆಕ್ಕ ಹಾಕೋಕೆ ಶುರು ಮಾಡ್ದೆ. ಲೆಕ್ಕ ಕಷ್ಟದ್ದೇನಲ್ಲ. ಒಂದೇ ತೋಟಾ ಎರಡು ಪಿಸ್ತೂಲಲ್ಲಿ ಹಾರಿಸಿದ್ರೆ ಹಗುರ ಇರೋದು ಜಾಸ್ತಿ ಒದೆಯುತ್ತೆ, ಒದೆತದ ಶಕ್ತಿ ತೂಕಕ್ಕೆ ವಿಲೋಮ, ಅಂದ್ರೆ 700 ಗ್ರಾಂ ಪಿಸ್ತೂಲಿಗೆ ಹೋಲಿಸಿದ್ರೆ 500 ಗ್ರಾಂನದ್ದು 1.4 ಪಟ್ಟು. ಅದಕ್ಕಿಂತ ನನ್ನ ತಲೆಗೆ ನಾಟಿದ್ದು ಟ್ರಿಗರ್ ವಿಚಾರ. ಈ ಥರ ಪಿಸ್ತೂಲುಗಳ ಟ್ರಿಗರ್ ಎಳೆಯೋಕೆ ಸುಮಾರು 2.5 ಕಿಲೋ ಬಲ ಬೇಕು. ಕೈಯಲ್ಲಿರೋ ವಸ್ತು ಅರ್ಧ ಕಿಲೋ, ಅದರ ಮೇಲೆ ಒಂದು ಬೆರಳು ಹಾಕ್ತಿರೋ ಬಲ ಅದರ ಐದು ಪಟ್ಟು, ಅಲ್ಲಾಡದೆ ಇರುತ್ತಾ? ಹಿಡಿತ ಪೂರ್ತಿ ಇದ್ರೆ ಮಾತ್ರ ಇರುತ್ತೆ, ಹಿಡಿಯೋಕೇ ಜಾಗ ಇಲ್ಲ ಅಂದ್ರೆ ಇಲ್ಲ. ಮೂರನೇದು ಸೈಟುಗಳ ನಡುವಿನ ಅಂತರ. ಗ್ಲಾಕ್ 19 ಅನ್ನೋ ಪಿಸ್ತೂಲಲ್ಲಿ ಹಿಂದಿನ ಸೈಟಿಂದ ಮುಂದಿನ ಸೈಟಿಗೆ ಸುಮಾರು 153 ಮಿಮೀ, ಅದಕ್ಕಿಂತ ಗಿಡ್ಡ ಇರೋ ಗ್ಲಾಕ್ 26ರಲ್ಲಿ ಸುಮಾರು 137. ಮುಂದಿನ ಸೈಟು ಬರೀ 1 ಮಿಮೀ ಪಕ್ಕಕ್ಕೆ ಸರಿದ್ರೂ 10 ಮೀಟರ್ ದೂರದಲ್ಲಿ 19ರ ಗುಂಡು 65 ಮಿಮೀ ತಪ್ಪುತ್ತೆ, 26ರದ್ದು 73. ಇದೊಂದೇ ಇದ್ರೆ ದೊಡ್ಡ ವ್ಯತ್ಯಾಸ ಅಲ್ಲ, ಆದ್ರೆ ತೂಕ ಕಮ್ಮಿ, ಹಿಡಿ ಗಿಡ್ಡ, ಸೈಟು ಹತ್ತಿರ, ಮೂರೂ ಒಟ್ಟಿಗೆ ಬಂದಾಗ ಹೊಸಬರ ಕೈಲಿ ಏನಾಗುತ್ತೋ ಅದೇ ನಂಗಾಗಿದ್ದು.

ಹಾಗಾದ್ರೆ 380 ತೋಟಾ ಸಾಮಾನ್ಯ 9 ಎಂಎಂ ತೋಟಾಗಿಂತ ಮೆತ್ತಗಲ್ವಾ ಅಂತ ಕೇಳಬಹುದು. ತೋಟಾ ಮೆತ್ತಗೇ, ಆದ್ರೆ ಒದೆತ ಪಿಸ್ತೂಲು ಎಂಥದ್ದು ಅನ್ನೋದರ ಮೇಲೂ ಹೋಗುತ್ತೆ. ಹಳೇ ವಾಲ್ಥರ್ ಪಿಪಿಕೆ ಥರದವು ಬ್ಲೋಬ್ಯಾಕ್, ಅವುಗಳಲ್ಲಿ ನಳಿಗೆಗೂ ಸ್ಲೈಡಿಗೂ (ಗುಂಡು ಹಾರಿದಾಗ ಹಿಂದೆ ಮುಂದೆ ಓಡೋ ಮೇಲಿನ ಭಾಗ) ಬೀಗ ಬೀಳಲ್ಲ, ಬರೀ ಸ್ಲೈಡಿನ ತೂಕ ಮತ್ತೆ ಸ್ಪ್ರಿಂಗೇ ಎಲ್ಲ ತಡ್ಕೋಬೇಕು, ಅದಕ್ಕೆ ಒದೆತ ಚುರುಕು, ಸ್ಲೈಡ್ ಎಳೆಯೋದೂ ಗಟ್ಟಿ. ಗ್ಲಾಕ್ 42 ಅದೇ 380 ತೋಟಾದ್ದು, ಆದ್ರೆ ಅದರಲ್ಲಿ ನಳಿಗೆ ಸ್ಲೈಡಿಗೆ ಬೀಗ ಹಾಕ್ಕೊಂಡು ಸ್ವಲ್ಪ ದೂರ ಒಟ್ಟಿಗೆ ಹಿಂದಕ್ಕೆ ಹೋಗಿ ಆಮೇಲೆ ಬಿಡಿಸ್ಕೊಳ್ಳುತ್ತೆ, ಹೊಡೆದ್ರೆ ಎಷ್ಟೋ ಹಿತ. ಕೈಯಲ್ಲಿ ಬಲ ಕಮ್ಮಿ ಇರೋರು, ಸಂಧಿವಾತ ಇರೋರು ಸ್ಮಿತ್ ಅಂಡ್ ವೆಸ್ಸನ್‌ನ ಶೀಲ್ಡ್ ಈಝಡ್ ಒಂದ್ಸಲ ಎಳೆದು ನೋಡಿ, ಸ್ಲೈಡ್ ಸುಲಭ ಆಗ್ಲಿ ಅಂತಾನೇ ಮಾಡಿದ್ದು ಅದು. ನಂಗೆ ಸ್ಲೈಡ್ ತೊಂದರೆ ಇರ್ಲಿಲ್ಲ, ಹಾಗಾಗಿ 9 ಎಂಎಂಗೇ ಹೋದೆ, ನಾನಿರೋ ಕಡೆ ಪ್ರಾಕ್ಟೀಸಿಗೆ ಅದರ ತೋಟಾ ಸುಲಭವಾಗಿ ಸಿಗುತ್ತೆ ಅನ್ನೋದೂ ಒಂದು ಕಾರಣ.

ಈ ಸಲ ಮೊದಲು ಕೈಗೆ ಕೂರುತ್ತಾ ಅಂತ ನೋಡ್ದೆ. ಖಾಲಿ ಮಾಡಿ ತೋರಿಸಿದ ಪಿಸ್ತೂಲನ್ನ ನಾನೂ ಇನ್ನೊಂದ್ಸಲ ನೋಡಿ, ತೋಟಾ ಕೂರೋ ಜಾಗವಾದ ಚೇಂಬರಿಗೆ ಬೆರಳಿಟ್ಟು ಖಾಲಿ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಹಿಡೀತಿದ್ದೆ. ನೋಡ್ಬೇಕಾದ್ದು ಇಷ್ಟೇ. ಹಿಡಿಯನ್ನ ಎಷ್ಟು ಮೇಲೆ ಹಿಡಿಯೋಕಾಗುತ್ತೋ ಅಷ್ಟು ಮೇಲೆ ಹಿಡಿದಾಗ ನಳಿಗೆ ಮುಂಗೈ ಮೂಳೆಗೆ ನೇರ ಇದೆಯಾ, ಹಾಗೇ ಇಟ್ಕೊಂಡು ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮುಟ್ಟುತ್ತಾ, ಮೂರೂ ಬೆರಳಿಗೆ ಹಿಡಿಯಲ್ಲಿ ಜಾಗ ಇದೆಯಾ, ಎಡಗೈ ಅಂಗೈ ಬುಡಕ್ಕೆ ಹಿಡಿಯ ಎಡಪಕ್ಕ ಖಾಲಿ ಜಾಗ ಉಳಿಯುತ್ತಾ. ಕೊನೇದನ್ನ ಯಾರೂ ಹೇಳಿರ್ಲಿಲ್ಲ ನಂಗೆ, ಆದ್ರೆ ಒದೆತ ತಡೆಯೋ ಕೆಲಸ ಜಾಸ್ತಿ ಮಾಡೋದು ಆ ಎಡಗೈನೇ. ಅಗಲ ಹಿಡಿ ಇರೋದರಲ್ಲಿ ನನ್ನ ತೋರುಬೆರಳು ಟ್ರಿಗರ್ ತಲುಪೋಕೆ ಇಡೀ ಕೈಯನ್ನೇ ಸ್ವಲ್ಪ ತಿರುಗಿಸ್ಬೇಕಾಗ್ತಿತ್ತು, ಆಗ ಒದೆತ ಹೆಬ್ಬೆರಳಿನ ಗೆಣ್ಣಿಗೆ ಬಂದು ಬಡಿಯುತ್ತೆ. ಕಣ್ಣು ಮುಚ್ಚಿ ಗೋಡೆ ಕಡೆ ಎತ್ತಿ ಹಿಡಿದು ಕಣ್ಣು ಬಿಟ್ಟಾಗ ಸೈಟು ಎಲ್ಲಿದೆ ಅಂತಾನೂ ನೋಡ್ತಿದ್ದೆ, ಕೆಲವು ಪಿಸ್ತೂಲು ಸಹಜವಾಗೇ ನೇರ ಬರುತ್ತೆ, ಕೆಲವು ಆಕಾಶ ನೋಡ್ತಿರುತ್ತೆ.

ಆಮೇಲೆ ಬಚ್ಚಿಡೋ ವಿಚಾರ, ಇಲ್ಲಿ ನನ್ನ ತಿಳುವಳಿಕೆ ಪೂರ್ತಿ ಬದಲಾಯ್ತು. ಪ್ಲಾಸ್ಟಿಕ್ಕಿನ ನಕಲಿ ಟ್ರೈನಿಂಗ್ ಪಿಸ್ತೂಲುಗಳು ಸಿಗುತ್ತೆ, ಅಸಲಿ ಅಳತೆಯವೇ, ಗುಂಡು ಹಾರಲ್ಲ. ಎರಡು ಸೈಜಿನವು ಇಸ್ಕೊಂಡು ಒಂದೊಂದು ವಾರ ಸೊಂಟದ ಒಳಗೆ ಸಿಕ್ಕಿಸ್ಕೊಂಡು ಮನೇಲೇ ಇದ್ದೆ. ಕೂತೆ, ಎದ್ದೆ, ಬಗ್ಗಿ ಚಪ್ಪಲಿ ಹಾಕ್ಕೊಂಡೆ, ಮೇಲಿನ ಅಟ್ಟದಿಂದ ಡಬ್ಬಿ ಇಳಿಸಿದೆ, ಗಂಟೆಗಟ್ಟಲೆ ಕುರ್ಚೀಲಿ ಕೂತು ಕೆಲಸ ಮಾಡ್ದೆ. ಬಟ್ಟೆ ಮೇಲೆ ಉಬ್ಬಿ ಕಾಣೋದು ನಳಿಗೆ ಅಲ್ಲ. ನಳಿಗೆ ಎಷ್ಟೇ ಉದ್ದ ಇದ್ರೂ ಪ್ಯಾಂಟಿನ ಒಳಗೆ ಕೆಳಗಡೆ ಹೋಗುತ್ತೆ, ಯಾರಿಗೂ ಕಾಣಲ್ಲ. ಕಾಣೋದು ಹಿಡಿಯ ತುದಿ, ಬೆಲ್ಟಿನ ಮೇಲೆ ಹೊರಗೆ ಚಾಚಿಕೊಂಡಿರೋದು ಅದೇ. ಅಷ್ಟೇ ಅಲ್ಲ, ನಳಿಗೆ ಕಡೆ ಸ್ವಲ್ಪ ಉದ್ದ ಇದ್ರೆ ಅದು ಕೆಳಗಡೆ ದೇಹಕ್ಕೆ ಒತ್ತಿ ಮೇಲಿನ ಹಿಡಿಯನ್ನ ಒಳಗೆ ವಾಲಿಸುತ್ತೆ, ತೀರಾ ಗಿಡ್ಡದ್ದು ಮೇಲುಭಾರ ಆಗಿ ಹೊರಗೆ ಬಾಗುತ್ತೆ. ಅಂದ್ರೆ ನಾನು ಹುಡುಕಬೇಕಿದ್ದು ಎಲ್ಲಾ ಕಡೆಯಿಂದ್ಲೂ ಸಣ್ಣದಿರೋ ಪಿಸ್ತೂಲಲ್ಲ, ಹಿಡಿ ತೆಳ್ಳಗೆ, ಕಿರುಬೆರಳು ಕೂರೋವಷ್ಟೇ ಉದ್ದ, ಮೇಲಿನ ಸ್ಲೈಡ್ ಸ್ವಲ್ಪ ಧಾರಾಳವಾಗೇ ಇರೋದು. ಗಟ್ಟಿ ಬೆಲ್ಟು ಹಾಕ್ದಾಗ ಅರ್ಧ ಸಮಸ್ಯೆ ತಾನಾಗೇ ಹೋಯ್ತು, ಮೆತ್ತನೆ ಬೆಲ್ಟಿಗೆ ಯಾವ ಪಿಸ್ತೂಲೂ ನಿಲ್ಲಲ್ಲ.

ಕೊನೆಗೆ ನಾಲ್ಕು ಉಳಿದ್ವು. ಗ್ಲಾಕ್ 19, ನಳಿಗೆ 102 ಮಿಮೀ, 15 ತೋಟಾ. ಗ್ಲಾಕ್ 43ಎಕ್ಸ್, ಹಿಡಿಯ ಉದ್ದ ಹೆಚ್ಚುಕಮ್ಮಿ 19ರಷ್ಟೇ ಆದ್ರೆ ತುಂಬಾ ತೆಳ್ಳಗೆ, 10 ತೋಟಾ. 2018ರಲ್ಲಿ ಬಂದ ಸಿಗ್ ಪಿ365, ಸುಮಾರು 79 ಮಿಮೀ ನಳಿಗೆಗೆ 10 ತೋಟಾ, ಅಷ್ಟು ಸಣ್ಣದರಲ್ಲಿ ಅಷ್ಟು ತೋಟಾ ಹಿಡಿಸಿದ್ದಕ್ಕೇ ಅದು ಬಂದಮೇಲೆ ಉಳಿದೋರೂ ಅದೇ ದಾರಿ ಹಿಡಿದ್ರು. ಅದರದ್ದೇ ಅಕ್ಕ ಪಿ365 ಎಕ್ಸ್‌ಎಲ್, ನಳಿಗೆ ಸುಮಾರು 94 ಮಿಮೀ, 12 ತೋಟಾ. ಇವೆಲ್ಲ ರೇಂಜಲ್ಲೇ ಬಾಡಿಗೆಗೆ ಸಿಕ್ತು. ಹೊಸದಾಗಿ ತಗೊಳ್ಳೋರು ಇನ್ನೇನೂ ಮಾಡ್ದೆ ಇದ್ರೂ ಪರವಾಗಿಲ್ಲ, ಹೊಡೆದು ನೋಡ್ದೆ ಮಾತ್ರ ತಗೋಬೇಡಿ, ಇದನ್ನ ನಾನು ಕೈಮುಗಿದು ಹೇಳ್ತೀನಿ.

ಪರೀಕ್ಷೆ ನಾಲ್ಕಕ್ಕೂ ಒಂದೇ. ಎ4 ಹಾಳೆ ಅರ್ಧ ಮಡಚಿ 7 ಮೀಟರಿಗೆ ಅಂಟಿಸೋದು, ಮೊದಲು 10 ಈಡು ನಿಧಾನಕ್ಕೆ, ಆಮೇಲೆ ಟೈಮರ್ ಬೀಪ್ ಆದ್ಮೇಲೆ 5 ಈಡು ಎಷ್ಟು ಬೇಗ ಹಾಳೆಯೊಳಗೆ ಇಡೋಕಾಗುತ್ತೋ ಅಷ್ಟು ಬೇಗ, ಆಮೇಲೆ ಬಲಗೈ ಒಂದರಲ್ಲೇ 5. ನಿಧಾನಕ್ಕೆ ಹೊಡೆದಾಗ ನಾಲ್ಕೂ ಚೆನ್ನಾಗೇ ಬಂತು, ಪುಟ್ಟ 365 ಕೂಡ ಹತ್ತಕ್ಕೆ ಒಂಬತ್ತು, ಅಲ್ಲಿಗೇ ನಿಲ್ಲಿಸಿದ್ರೆ ನಾನು ಮತ್ತೆ ಸಣ್ಣದೇ ತಗೊಂಡ್ಬಿಡ್ತಿದ್ದೆ. ವ್ಯತ್ಯಾಸ ಬಂದಿದ್ದು ಟೈಮರಲ್ಲಿ. 19ರಲ್ಲಿ ಐದೂ ಒಳಗೆ, 3.1 ಸೆಕೆಂಡು. 365ರಲ್ಲಿ ಅದೇ ವೇಗಕ್ಕೆ ಹೋದ್ರೆ ಎರಡು ಹೊರಗೆ, ಐದೂ ಒಳಗೆ ಬೇಕು ಅಂದ್ರೆ 4.5 ಸೆಕೆಂಡು. ಎಕ್ಸ್‌ಎಲ್‌ನಲ್ಲಿ ಐದೂ ಒಳಗೆ 3.5. 43ಎಕ್ಸ್ ಅದರ ಹತ್ತಿರಾನೇ ಬಂತು, ಒಂದು ಮಾತ್ರ ಅಂಚಿನಿಂದ ಆಚೆ. ಒಂದು ದಿನದ ನಂಬರ್ ನಂಬ್ಬಾರ್ದು ಅಂತ ಮುಂದಿನ ವಾರ ಹೋಗಿ ಪಿಸ್ತೂಲುಗಳ ಸರದಿ ಉಲ್ಟಾ ಮಾಡಿ ಮತ್ತೆ ಹೊಡೆದೆ, ಯಾಕಂದ್ರೆ ಮೊದಲನೇ ದಿನ 365 ಕೊನೇಲಿ ಬಂದಿತ್ತು, ಅಷ್ಟೊತ್ತಿಗೆ ಕೈ ದಣಿದಿತ್ತೇನೋ. ಸರದಿ ಬದಲಾದ್ರೂ ಕ್ರಮಾಂಕ ಬದಲಾಗ್ಲಿಲ್ಲ, ಸೆಕೆಂಡು ಸ್ವಲ್ಪ ಆಕಡೆ ಈಕಡೆ ಅಷ್ಟೆ.

ನಂಬರ್ ಮಾತ್ರ ನೋಡಿದ್ರೆ 19ನೇ. ಆದ್ರೆ ಅದರ ಅಳತೆಯ ನಕಲಿ ಪಿಸ್ತೂಲು ಹಾಕ್ಕೊಂಡ ವಾರದಲ್ಲಿ ಎರಡು ದಿನ ತೆಗೆದು ಕಪಾಟಲ್ಲಿ ಇಟ್ಟಿದ್ದೆ, ಕೂತಾಗ ಒತ್ತುತ್ತಿತ್ತು ಅಂತ. ವಾರಕ್ಕೆ ಎರಡು ದಿನ ಮನೇಲಿ ಉಳಿಯೋ ಪಿಸ್ತೂಲನ್ನ ನಾನು ಕ್ಯಾರಿ ಪಿಸ್ತೂಲು ಅಂತ ಕರೆಯಲ್ಲ. ಎಕ್ಸ್‌ಎಲ್ ಹಾಕ್ಕೊಂಡ್ರೆ ಕಿರುಬೆರಳು ಕೂರುತ್ತೆ, ಟ್ರಿಗರ್ ನನ್ನ ಬೆರಳಿಗೆ ಹತ್ತಿರ, ಅದರ ಮುಖ ಚಪ್ಪಟೆ ಇರೋದ್ರಿಂದ ಬೆರಳು ದಿನಾ ಒಂದೇ ಜಾಗಕ್ಕೆ ಹೋಗುತ್ತೆ, ಸೊಂಟದಲ್ಲಿ ಇಡೀ ದಿನ ಇರುತ್ತೆ. ಅರ್ಧ ಸೆಕೆಂಡಿಗಿಂತ ಕಮ್ಮಿ ಬಿಟ್ಟುಕೊಟ್ಟು ಪ್ರತಿದಿನ ಹಾಕ್ಕೊಳ್ಳೋದು ಸಿಕ್ತು, ನಂಗೆ ಅದು ಸರಿಯಾದ ವ್ಯಾಪಾರ ಅನ್ನಿಸ್ತು. ನಿಮ್ಮ ಕೈ ದೊಡ್ಡದಿದ್ರೆ 43ಎಕ್ಸ್ ಅಥವಾ 19 ನಿಮಗೆ ಗೆಲ್ಲಬಹುದು, ಅದು ಹಾಳೆ ಹೇಳ್ಬೇಕು, ನಾನಲ್ಲ.

ತಗೊಂಡ ತಕ್ಷಣ ಹಾಕ್ಕೊಂಡು ಓಡಾಡ್ಲಿಲ್ಲ. ಮೊದಲು ಸಾಮಾನ್ಯ ಪ್ರಾಕ್ಟೀಸ್ ತೋಟಾ 300, ಆಮೇಲೆ ಹಾಕ್ಕೊಂಡು ಓಡಾಡೋ ಹಾಲೋ ಪಾಯಿಂಟ್ ತೋಟಾನೇ 200. ಮೂತಿ ಟೊಳ್ಳು ಇರೋದ್ರಿಂದ ಕೆಲವು ಪಿಸ್ತೂಲಲ್ಲಿ ಅದು ಚೇಂಬರಿಗೆ ಏರುವಾಗ ತಡೆಯುತ್ತೆ, ಅದು ನಿಮ್ಮ ಪಿಸ್ತೂಲಲ್ಲಿ ಆಗುತ್ತಾ ಇಲ್ವಾ ಅನ್ನೋದನ್ನ ಹೊಡೆದೇ ನೋಡ್ಬೇಕು. ಹಾಲೋ ಪಾಯಿಂಟ್ ಯಾಕೆ ಅಂದ್ರೆ ಅದು ಒಳಗೆ ಹೋದ್ಮೇಲೆ ಅರಳಿ ವೇಗ ಕಳ್ಕೊಳ್ಳುತ್ತೆ, ಪೂರ್ತಿ ತಾಮ್ರದ ಕವಚದ ಗುಂಡು ಆಚೆ ಕಡೆ ಹೊರಬಿದ್ದು ಹಿಂದೆ ಇರೋರಿಗೆ ತಗಲೋ ಸಾಧ್ಯತೆ ಜಾಸ್ತಿ. ಆ 500ರಲ್ಲಿ ಒಂದೇ ಒಂದ್ಸಲ ಸಿಕ್ಕಿಹಾಕ್ಕೊಂಡಿತು, ಒಂಟಿ ಕೈಲಿ ಹೊಡಿವಾಗ ಖಾಲಿ ಕೇಸು ಹೊಗೆಕೊಳವೆ ಥರ ನೆಟ್ಟಗೆ ನಿಂತುಬಿಡ್ತು. ಪಿಸ್ತೂಲಿನ ತಪ್ಪಲ್ಲ ಅದು, ನನ್ನ ಮಣಿಕಟ್ಟು ಸಡಿಲ ಇತ್ತು. ಹಗುರ ಪಿಸ್ತೂಲಲ್ಲಿ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗ್ಬೇಕಾದ್ರೆ ಕೆಳಗಿನ ಫ್ರೇಮು ಗಟ್ಟಿ ನಿಂತಿರ್ಬೇಕು, ಅದೂ ಕೈ ಜೊತೆ ಹಿಂದಕ್ಕೆ ಹೋದ್ರೆ ಸ್ಲೈಡಿಗೆ ಓಟ ಸಾಲಲ್ಲ. ಮಣಿಕಟ್ಟು ಬಿಗಿ ಮಾಡಿ ಇನ್ನೂ 50 ಒಂಟಿ ಕೈಲೇ ಹೊಡೆದೆ, ಮತ್ತೆ ಬರ್ಲಿಲ್ಲ.

ಹೋಲ್‌ಸ್ಟರ್, ಅಂದ್ರೆ ಪಿಸ್ತೂಲು ಇಡೋ ಒರೆ, ಅದರ ಬಗ್ಗೆ ನಾನು ತುಂಬಾ ಗಟ್ಟಿಯಾಗಿ ಹೇಳ್ತೀನಿ. ಟ್ರಿಗರ್ ಗಾರ್ಡನ್ನ ಪೂರ್ತಿ ಮುಚ್ಚೋ, ಬಾಗದ ಗಟ್ಟಿ ವಸ್ತುವಿನ ಹೋಲ್‌ಸ್ಟರ್ ಇಲ್ದೆ ಪಿಸ್ತೂಲು ದೇಹದ ಮೇಲೆ ಬರ್ಲೇಬಾರ್ದು, ಜೇಬಲ್ಲಿ ಬೀಗದಕೈ ಜೊತೆ, ಬ್ಯಾಗಲ್ಲಿ ಪೆನ್ನಿನ ಜೊತೆ ಬಿಡಿಯಾಗಿ ಹಾಕೋದಂತೂ ಬೇಡವೇ ಬೇಡ. ವಾಪಸ್ ಒಳಗೆ ಇಡುವಾಗ ಅವಸರ ಏನೂ ಇಲ್ಲ, ಅಂಗಿ ಪೂರ್ತಿ ಎತ್ತಿ ಹಿಡಿದು, ಕಣ್ಣಲ್ಲಿ ನೋಡಿ, ನಿಧಾನಕ್ಕೆ ಇಡಿ, ಅಂಗಿಯ ಮಡಿಕೆ ಟ್ರಿಗರಿಗೆ ಸಿಕ್ಕಿ ಗುಂಡು ಹಾರೋದು ಆ ಹೊತ್ತಲ್ಲೇ. ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ಹೇಳಿದ ನಾಲ್ಕು ನಿಯಮ ಎಷ್ಟೋ ರೇಂಜಲ್ಲಿ ಹೇಳ್ಕೊಡ್ತಾರೆ: ಎಲ್ಲಾ ಬಂದೂಕೂ ತುಂಬಿದೆ ಅಂತಾನೇ ತಿಳ್ಕೊಳ್ಳೋದು, ನಾಶ ಮಾಡೋಕೆ ತಯಾರಿಲ್ಲದ ಯಾವುದರ ಕಡೆಗೂ ಮೂತಿ ತಿರುಗಿಸ್ದೆ ಇರೋದು, ಸೈಟು ಗುರಿ ಮೇಲೆ ಬರೋ ತನಕ ಬೆರಳು ಟ್ರಿಗರಿಂದ ಹೊರಗೆ, ಗುರಿ ಯಾವುದು ಅದರ ಹಿಂದೆ ಏನಿದೆ ಅಂತ ಖಾತ್ರಿ ಇರೋದು. ಕಂಪ್ಯಾಕ್ಟ್ ಪಿಸ್ತೂಲಿಗೆ ಎರಡನೇದು ಇನ್ನೂ ಜಾಸ್ತಿ ಅನ್ವಯಿಸುತ್ತೆ, ನಳಿಗೆ ಗಿಡ್ಡ ಇರೋದ್ರಿಂದ ಸ್ಲೈಡ್ ಎಳೆಯೋವಾಗ ಎಡಗೈ ಅಂಗೈ ಮೂತಿ ಮುಂದೆ ಬಂದುಬಿಡುತ್ತೆ. ನಂಗೆ ಕಲಿಸಿದೋರು ಎರಡು ಸಲ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದ್ರು.

ಫ್ಲಿಂಚ್ ಹೋಗಿಸಿದ್ದು ಮನೇಲಿ ಮಾಡಿದ ಖಾಲಿ ಪ್ರಾಕ್ಟೀಸ್. ತೋಟಾ ಎಲ್ಲಾ ಬೇರೆ ಕೋಣೇಲಿ, ಚೇಂಬರ್ ಎರಡು ಸಲ ನೋಡಿ, ಹಿಂದೆ ಯಾರೂ ಇಲ್ಲದ ಗಟ್ಟಿ ಗೋಡೆ ಕಡೆ, ದಿನಾ 10 ನಿಮಿಷ. ಮುಂದಿನ ಸೈಟಿನ ಹಿಂದೆ ಸ್ಲೈಡ್ ಮೇಲೆ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತೋದು, ಬೀಳಬಾರ್ದು. ಮೊದಲನೇ ದಿನ ಟಣ್ ಟಣ್ ಅಂತ ನೆಲಕ್ಕೆ ಬೀಳೋ ಸದ್ದೇ ಜಾಸ್ತಿ, ಮೂರನೇ ವಾರ ಹತ್ತಕ್ಕೆ ಒಂಬತ್ತು ಸಲ ಅಲ್ಲಾಡದೆ ಕೂತಿರೋದು. ಒಂದು ವಿಷಯ ಅಲ್ಲಿ ಅರ್ಥ ಆಯ್ತು, ಟ್ರಿಗರ್ ಒತ್ತೋ ಬೆರಳು ಒಂದೇ ಅಲ್ಲಾಡ್ಬೇಕು, ಜೊತೆಗೆ ಉಳಿದ ಬೆರಳುಗಳೂ ಮುಷ್ಟಿ ಬಿಗಿಯೋಕೆ ಹೋಗುತ್ತೆ, ಎಡಕ್ಕೆ ಕೆಳಕ್ಕೆ ಹೋಗೋ ಗುಂಡಿಗೆ ಅದೂ ಕಾರಣ. ಅದಕ್ಕೆ ಈಗ ಮೊದಲೇ ಬಲಗೈ ಸಾಕಷ್ಟು ಬಿಗಿ, ಎಡಗೈ ಅದಕ್ಕಿಂತ ಬಿಗಿ ಹಿಡಿದುಬಿಡ್ತೀನಿ, ಆಮೇಲೆ ಬೆರಳಿಗೆ ಮಾತ್ರ ಕೆಲಸ.

ಕಣ್ಣಿನ ವಿಚಾರ ಕೊನೇಲಿ ಬಂತು. ನಂಗೀಗ 46, ಹತ್ತಿರದ್ದು ಮಸುಕು, ಮುಂದಿನ ಸೈಟು ಸ್ಪಷ್ಟ ಕಾಣ್ಬೇಕು ಅಂದ್ರೆ ತಲೆ ಹಿಂದಕ್ಕೆ ಎತ್ಬೇಕಾಗ್ತಿತ್ತು. ಎಕ್ಸ್‌ಎಲ್ ಸ್ಲೈಡ್ ಮೇಲೆ ಸಣ್ಣ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸೋ ಸೈಟು) ಕೂರಿಸೋಕೆ ಜಾಗ ಮೊದಲೇ ಮಾಡಿಟ್ಟಿರ್ತಾರೆ, ಹಾಕ್ಸಿದೆ. ಇದರಲ್ಲಿ ಕಣ್ಣು ಗುರಿಯ ಮೇಲೇ ಇರುತ್ತೆ, ಚುಕ್ಕೆ ಅದರ ಮೇಲೆ ತೇಲ್ತಿರುತ್ತೆ, ಹತ್ತಿರದ್ದನ್ನ ನೋಡೋ ಅಗತ್ಯಾನೇ ಇಲ್ಲ. ಮೊದಲ ಎರಡು ವಾರ ಪಿಸ್ತೂಲು ಎತ್ತಿದ್ರೆ ಗಾಜಲ್ಲಿ ಚುಕ್ಕೇನೇ ಇರ್ತಿರ್ಲಿಲ್ಲ, ಮೂತಿ ಮೇಲೆ ಕೆಳಗೆ ಆಡಿಸಿ ಹುಡುಕ್ತಿದ್ದೆ. ಎತ್ತೋದನ್ನೇ ದಿನಾ 50 ಸಲ ಖಾಲಿ ಪಿಸ್ತೂಲಲ್ಲಿ ಮಾಡಿದ್ಮೇಲೆ ಅದೂ ಬಂತು. ಇನ್ನೊಂದು ಲಾಭ ನಾನು ನಿರೀಕ್ಷಿಸಿರ್ಲಿಲ್ಲ, ಟ್ರಿಗರ್ ಒತ್ತುವಾಗ ಕೈ ಎಷ್ಟು ನಡುಗುತ್ತೆ ಅಂತ ಆ ಚುಕ್ಕೆ ಕಣ್ಣಿಗೆ ಕಟ್ಟಿದಂಗೆ ತೋರಿಸುತ್ತೆ.

ಹೋದ ತಿಂಗಳು ಅದೇ ಕಲಿಸೋರ ಹತ್ರ ಹೋಗಿ ಮತ್ತೆ ಡಮ್ಮಿ ಸೇರಿಸಿ ಕೊಡಿ ಅಂದೆ. ಅವತ್ತು ಹೊಡೆದ ಮ್ಯಾಗಝಿನ್‌ಗಳ ಪೈಕಿ ಮೂರರಲ್ಲಿ ಅವ್ರು ಒಂದೊಂದು ಹಾಕಿ ಕೊಟ್ರು. ಮೊದಲನೇದು ಕ್ಲಿಕ್ ಅಂತು, ಚುಕ್ಕೆ ಇದ್ದಲ್ಲೇ ಇತ್ತು. ಎರಡನೇದೂ ಅಷ್ಟೆ. ಮೂರನೇದು ಸುಮಾರು 80 ಈಡು ಆದ್ಮೇಲೆ ಬಂದಿದ್ದು, ಅದಕ್ಕೆ ಚುಕ್ಕೆ ಸಣ್ಣಗೆ ಕೆಳಗೆ ಇಳಿದು ವಾಪಸ್ ಬಂತು. ಅವ್ರು ನನ್ನ ಮುಖ ನೋಡಿದ್ರು, ಇವತ್ತಿಗೆ ಸಾಕು, ಕೈ ದಣಿದಿದೆ ಅಂದ್ರು. ಈಗ ನಾನು 60ಕ್ಕೇ ಪ್ಯಾಕ್ ಮಾಡ್ತೀನಿ, ಮೊದಲ ಮ್ಯಾಗಝಿನಿಗೆ ಒಂದು ಡಮ್ಮಿ ಅವರ ಕೈಲೇ ಹಾಕಿಸ್ಕೊಳ್ತೀನಿ. ಆ ಪುಟ್ಟ 380 ಬೀಗ ಹಾಕಿದ ಪೆಟ್ಟಿಗೇಲಿ ಇದೆ, ಅದರಲ್ಲೂ ಹತ್ತಕ್ಕೆ ಹತ್ತು ಒಳಗೆ ಹಾಕೋ ದಿನ ಬಂದ್ರೆ ಆಗ ಹೊರಗೆ ತರೋಣ ಅಂತ.